ಒಂದು ದಸ್ತು ಹಾಳೆ

"ಒಂದು ದಸ್ತು ಹಾಳೆ ಕೊಡಿ" ಎಂದು ಅಂಗಡಿಯಲ್ಲಿ ಕೇಳುವವರು ಈಗ ಕಡಿಮೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಲ್ಲಿ ಐವತ್ತು ದಾಟಿದವರಿಗೆ ಈ ಮಾತು ಥಟ್ಟನೆ ಅರ್ಥವಾಗುತ್ತದೆ. ಅವರ ಮಕ್ಕಳಿಗೆ ಅರ್ಥ ಹೇಳಿಕೊಡಬೇಕಾಗುತ್ತದೆ. ದಸ್ತು ಎಂದರೆ 24 ಹಾಳೆಗಳ ಒಂದು ಕಟ್ಟು. ಅಂತಹ 20 ದಸ್ತು ಸೇರಿದರೆ ಒಂದು ರೀಮು. ಹಳೆಯ ಲೆಕ್ಕದಲ್ಲಿ ರೀಮಿಗೆ 480 ಹಾಳೆ. ಲೆಕ್ಕ ಇಷ್ಟೇ, ಇದರಲ್ಲಿ ಬರೆಯುವಂಥದ್ದು ಏನಿದೆ ಎಂದು ಓದುಗರಿಗೆ ಅನ್ನಿಸಬಹುದು.

ಆದರೆ ಈ ಪುಟ್ಟ ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಇದರಲ್ಲಿ ಹಾಳೆ ಎಂಬುದು ನಮ್ಮ ಅಡಿಕೆ ತೋಟದ ಮಾತು. ದಸ್ತು ಎಂಬುದು ಪಾರಸಿ ಮಾತು. ರೀಮು ಎಂಬುದನ್ನು ನಾವು ಇಂಗ್ಲಿಷೆಂದು ತಿಳಿದಿದ್ದೇವೆ, ಅದು ನಿಜವಾಗಿ ಅರಬ್ಬಿ. ಕಾಗದ ಎಂಬುದೂ ಪಾರಸಿಯ ಕಡೆಯಿಂದಲೇ ಬಂದದ್ದು. ಪುಸ್ತಕ ಕಟ್ಟುವವನ ಮೊಣಕಾಲ ಮುಂದಿನ ಮಣೆಯ ಮೇಲೆ ಇಷ್ಟೊಂದು ದೇಶಗಳು ಬಂದು ಕುಳಿತಿವೆ. ಅವು ಹೇಗೆ ಬಂದವು, ಈಗ ಎಲ್ಲಿಗೆ ಹೊರಟಿವೆ ಎಂಬುದೇ ಈ ಬರಹದ ವಿಷಯ.

ತೋಟದ ಹಾಳೆ

ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಹಾಳೆ ಎಂದರೆ ಮೊದಲು ನೆನಪಾಗುವುದು ಅಡಿಕೆ ಮರದಿಂದ ಕಳಚಿ ಬೀಳುವ ಹಾಳೆಯೇ. ತೋಟದ ಕೆಲಸದವರು ಅದರಿಂದ ಟೊಪ್ಪಿ ಮಾಡಿಕೊಂಡರು. ನೀರು ಮೊಗೆಯಲು, ಸಾಮಾನು ಕಟ್ಟಲು ಅದನ್ನೇ ಬಳಸಿದರು. ಈಚೆಗೆ ಯಂತ್ರದಲ್ಲಿ ಒತ್ತಿ ಊಟದ ತಟ್ಟೆ ಮಾಡಿ ಪರದೇಶಕ್ಕೂ ಕಳಿಸುತ್ತಾರೆ. ಅಗಲವಾದ, ತೆಳ್ಳಗಿನ, ಮಡಿಸಬಹುದಾದ ವಸ್ತು ಅದು. ಕಾಗದ ಎಂಬ ಹೊಸ ವಸ್ತು ಕಣ್ಣಿಗೆ ಬಿದ್ದಾಗ ಕನ್ನಡಿಗರು ಅದರ ಒಂದೊಂದು ತುಂಡಿಗೆ ತಮಗೆ ಗೊತ್ತಿದ್ದ ಹಾಳೆಯ ಹೆಸರನ್ನೇ ಕೊಟ್ಟರು. ತಮಿಳಿನ ಪಾಳೈ, ಕನ್ನಡದ ಹಾಳೆ ಒಂದೇ ಬೇರಿನವು.

ಹೀಗೆ ಗಿಡಮರದಿಂದ ಹೆಸರು ಕೀಳುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅರಬ್ಬಿಯಲ್ಲಿ ವರಕ್ ಎಂದರೆ ಮರದ ಎಲೆ, ಕಾಗದವೂ ಹೌದು. ಸಂಸ್ಕೃತದಲ್ಲಿ ಪತ್ರ ಎಂದರೆ ಎಲೆ, ಬರೆದ ಓಲೆಯೂ ಪತ್ರವೇ. ಲ್ಯಾಟಿನ್ನಿನ ಫೋಲಿಯಂ ಕೂಡ ಎಲೆಯೇ. ಕನ್ನಡದ ಓಲೆ ತಾಳೆಯ ಗರಿಯಾಗಿತ್ತು, ಆಮೇಲೆ ಪತ್ರವಾಯಿತು. ಕಾಗದ ಬಂದ ಮೇಲೆ ಅದೇ ಜಾಡಿನಲ್ಲಿ ಕಾಗದ ಎಂದರೂ ಪತ್ರವೇ ಆಯಿತು. "ಊರಿನಿಂದ ಕಾಗದ ಬಂದಿದೆ" ಎಂದಾಗ ನಾವು ವಸ್ತುವಿನ ಬಗ್ಗೆ ಹೇಳುತ್ತಿಲ್ಲ, ಸುದ್ದಿಯ ಬಗ್ಗೆ ಹೇಳುತ್ತಿದ್ದೇವೆ.

ಕಾಗದ ಬರುವ ಮೊದಲೂ ಇಲ್ಲಿ ಪುಸ್ತಕಗಳಿದ್ದವು, ಅವನ್ನು ಕಟ್ಟುವ ವಿದ್ಯೆಯೂ ಇತ್ತು. ಶಿರಸಿ ತಾಲೂಕಿನ ಸೋಂದೆ ಚಿಕ್ಕ ಊರು. ಅಲ್ಲಿ ವಾದಿರಾಜ ಮಠ, ಸ್ವರ್ಣವಲ್ಲಿ ಮಠ, ಸ್ವಾದಿಯ ಜೈನ ಮಠ ಮೂರೂ ಇವೆ. ಇಂತಹ ಮಠಗಳು ಬಾಳಿದ್ದು ಓಲೆಗರಿಯ ಕಾಲದಲ್ಲಿ. ಗರಿಗಳಿಗೆ ತೂತು ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆ ಇಟ್ಟು ಬಿಗಿಯುತ್ತಿದ್ದರು. ಅದಕ್ಕೆ ಕನ್ನಡದಲ್ಲಿ ಹೇಳುತ್ತಿದ್ದ ಹೆಸರು ಕಟ್ಟು. ಕಟ್ಟುವುದು ಕೆಲಸ, ಕಟ್ಟಿ ಮುಗಿದದ್ದು ಕಟ್ಟು, ಎಷ್ಟು ಎಂದು ಕೇಳಿದರೆ ಹೇಳುವ ಲೆಕ್ಕವೂ ಕಟ್ಟೇ.

ಇನ್ನೊಂದು ಕಡತ. ಇಂದು ಸರಕಾರಿ ಕನ್ನಡದಲ್ಲಿ ಫೈಲಿಗೆ ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿ ಬಟ್ಟೆಗೆ ಇದ್ದಿಲ ಪುಡಿ ಬೆರೆಸಿದ ಅಂಟು ಬಳಿದು, ಒಣಗಿಸಿ ಕಪ್ಪು ಹಲಗೆಯಂತೆ ಮಾಡಿ, ಹಿಂದೆ ಮುಂದೆ ಮಡಿಕೆ ಹಾಕಿ ಇಡುತ್ತಿದ್ದರು. ಬಳಪದಿಂದ ಬರೆಯುವುದು, ಬೇಡವಾದರೆ ಅಳಿಸುವುದು. ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಶಾನುಭೋಗರೂ ವ್ಯಾಪಾರಿಗಳೂ ಇದರಲ್ಲೇ ಲೆಕ್ಕ ಇಡುತ್ತಿದ್ದರು. 1799ರಲ್ಲಿ ಕೆನರಾ ಜಿಲ್ಲೆಗೆ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಈ ಸೀಮೆಯ ಕಂದಾಯ ಗೊತ್ತುಪಡಿಸಲು ಹಳೆಯ ಲೆಕ್ಕಗಳನ್ನು ತಡಕಿ ವಿಜಯನಗರದ ಕಾಲದವರೆಗೂ ಹಿಂದಕ್ಕೆ ಹೋದ. ಲೆಕ್ಕವನ್ನು ಜತನದಿಂದ ಕಟ್ಟಿಟ್ಟವರು ಇಲ್ಲಿ ಇದ್ದರು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಕೈಯ ಲೆಕ್ಕ

ಇನ್ನು ದಸ್ತುವಿಗೆ ಬರೋಣ. ಪಾರಸಿಯಲ್ಲಿ ದಸ್ತ್ ಎಂದರೆ ಕೈ. ದಸ್ತಾ ಎಂದರೆ ಕೈಗೆ ಸಿಗುವಷ್ಟು, ಒಂದು ಹಿಡಿ. ಉರ್ದು, ಮರಾಠಿ, ಹಿಂದಿಯಲ್ಲಿ ಅದು ದಸ್ತಾ ಆಗಿಯೇ ಉಳಿಯಿತು, ಕನ್ನಡದ ಬಾಯಲ್ಲಿ ದಸ್ತು ಆಯಿತು. ಈ ಕೈ ಒಂದೇ ಮಾತಿನಲ್ಲಿ ನಿಂತಿಲ್ಲ. ಕೈಯಾರೆ ಬರೆದದ್ದು ದಸ್ತ್‌ಖತ್, ಅದೇ ನಮ್ಮ ದಸ್ಕತ್ತು. ಕೈಗೆ ಆಧಾರವಾಗಿ ಸಿಗುವ ಬರಹ ದಸ್ತಾವೇಜು. ಕೈಹಿಡಿದು ಒಯ್ಯುವುದು ದಸ್ತಗಿರಿ. ಅದೇ ಕೈ ಕಷ್ಟದಲ್ಲಿದ್ದವರನ್ನು ಹಿಡಿದೆತ್ತಿದರೆ ದಸ್ತಗೀರ್, ನಮ್ಮ ಮನೆಗಳಲ್ಲಿ ಮಕ್ಕಳಿಗೆ ಇಡುವ ಹೆಸರು. ಪೊಲೀಸರ ಕೈಯೂ ಸಂತರ ಕೈಯೂ ಒಂದೇ ಪದದಲ್ಲಿ ಇರುವುದನ್ನು ಕಂಡು ನಮಗೆ ಆಗಾಗ ನಗು ಬರುತ್ತದೆ.

ಇನ್ನೂ ಬೆರಗಿನ ಸಂಗತಿ ಒಂದಿದೆ. ಫ್ರೆಂಚರು 25 ಹಾಳೆಗಳ ಕಟ್ಟಿಗೆ ಮ್ಯಾಂ ಎನ್ನುತ್ತಾರೆ. ಸ್ಪ್ಯಾನಿಷರು ಮಾನೋ ಎನ್ನುತ್ತಾರೆ. ಕಾರವಾರದ ಆಚೆ ಗೋವೆಯನ್ನು ಆಳಿದ ಪೋರ್ತುಗೀಜರ ಭಾಷೆಯಲ್ಲಿ ಅದು ಮಾವ್. ಮೂರಕ್ಕೂ ಅರ್ಥ ಕೈ ಎಂದೇ. ಪಾರಸಿಯವರ ದಸ್ತಾ, ಯುರೋಪಿನವರ ಮಾನೋ, ಕನ್ನಡದ ಹಿಡಿ ಎಲ್ಲವೂ ಒಂದೇ ಕೆಲಸದಿಂದ ಹುಟ್ಟಿದವು. ಕಾಗದದ ರಾಶಿಯ ಮುಂದೆ ಕುಳಿತ ಮನುಷ್ಯ ಎಲ್ಲಿಯವನಾದರೂ ಮೊದಲು ಮಾಡುವುದು ಒಂದು ಹಿಡಿ ಎತ್ತುವುದು. ಮೊಳ, ಗೇಣು, ಹಿಡಿ, ಬೊಗಸೆ ಎಂದು ಹೂವು, ಬಟ್ಟೆ, ಅಕ್ಕಿ ಅಳೆದ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಹಿಡಿಯಲ್ಲಿ 24 ಯಾಕೆ ಎಂಬುದಕ್ಕೂ ಕಾರಣವಿದೆ. 24ನ್ನು 2, 3, 4, 6, 8, 12ರಿಂದ ಭಾಗಿಸಬಹುದು. ಪುಸ್ತಕ ಕಟ್ಟುವವನಿಗೆ ಬೇಕಾದದ್ದು ಅದೇ. ಒಂದು ದಸ್ತನ್ನು ನಾಲ್ಕು ಹಾಳೆಯ ಆರು ಮಡಿಕೆ ಮಾಡಬಹುದು, ಆರರ ನಾಲ್ಕು ಮಾಡಬಹುದು, ಎಂಟರ ಮೂರು ಮಾಡಬಹುದು, ಹಾಳೆ ಉಳಿಯುವುದಿಲ್ಲ. ಎಣಿಸುವುದೂ ಸುಲಭ. ಮೂಲೆಯನ್ನು ಬೀಸಣಿಗೆಯಂತೆ ಬಿಚ್ಚಿ ಬೆರಳಿನಿಂದ ನಾಲ್ಕು ನಾಲ್ಕಾಗಿ ಸರಿಸಿದರೆ ಆರು ಸಲಕ್ಕೆ ದಸ್ತು ಮುಗಿಯುತ್ತದೆ.

ಈ ಲೆಕ್ಕ ನಮ್ಮ ಶಾಲೆಯ ನೋಟುಪುಸ್ತಕದಲ್ಲಿಯೂ ಅಡಗಿದೆ. ಒಂದು ಹಾಳೆಯನ್ನು ನಡುವೆ ಮಡಿಸಿದರೆ ಎರಡು ಎಲೆ, ನಾಲ್ಕು ಪುಟ. 24 ಹಾಳೆಗೆ 96 ಪುಟ. ಎರಡು ದಸ್ತಿಗೆ 192 ಪುಟ. ತೊಂಬತ್ತಾರು ಪುಟದ ನೋಟುಪುಸ್ತಕ, ನೂರ ತೊಂಬತ್ತೆರಡು ಪುಟದ ನೋಟುಪುಸ್ತಕ ಎಂದು ನಾವೆಲ್ಲ ಬಾಲ್ಯದಲ್ಲಿ ಕೇಳಿ ತಂದೆವಲ್ಲ, ನೂರು ಅಥವಾ ಇನ್ನೂರು ಎಂದು ಯಾಕಿಲ್ಲ ಎಂಬ ಪ್ರಶ್ನೆಗೆ ಉತ್ತರ ದಸ್ತಿನಲ್ಲಿದೆ. ಲೆಕ್ಕದ ರಿಜಿಸ್ಟರುಗಳ ಮೇಲೆ ಎರಡು ಕ್ವೈರ್, ನಾಲ್ಕು ಕ್ವೈರ್ ಎಂದು ಅಚ್ಚಾಗಿರುವುದೂ ಅದೇ. ಕ್ವೈರ್ ಎಂಬುದು ದಸ್ತಿನ ಇಂಗ್ಲಿಷ್ ಹೆಸರು. ಅದರ ಮೂಲ ಲ್ಯಾಟಿನ್ನಿನ ಕ್ವಾತೆರ್ನಿ, ನಾಲ್ಕು ನಾಲ್ಕು ಎಂದರ್ಥ. ನಾಲ್ಕು ಹಾಳೆಯನ್ನು ಒಟ್ಟಿಗೆ ಮಡಿಸಿ ಎಂಟು ಎಲೆ ಮಾಡುತ್ತಿದ್ದ ಕಾಲದ ನೆನಪು ಅದರಲ್ಲಿದೆ.

ಹೋಗಿ ಬಂದ ರೀಮು

ರೀಮಿನ ಕಥೆ ಇನ್ನೂ ಉದ್ದ. ಅರಬ್ಬಿಯಲ್ಲಿ ರಿಜ್ಮಾ ಎಂದರೆ ಕಟ್ಟು, ಗಂಟು. ಚೀನದಲ್ಲಿ ಹುಟ್ಟಿದ ಕಾಗದದ ವಿದ್ಯೆ ಎಂಟನೆಯ ಶತಮಾನದ ಹೊತ್ತಿಗೆ ಸಮರಖಂದಕ್ಕೂ ಅಲ್ಲಿಂದ ಬಗ್ದಾದಿಗೂ ಬಂತು. ಬಗ್ದಾದಿನಲ್ಲಿ ಕಾಗದ ಹೇರಳವಾದಾಗ ಲೇಖಕರು, ಪುಸ್ತಕ ನಕಲು ಮಾಡುವವರು, ಮಾರುವವರು ಎಲ್ಲ ಸೇರಿ ವರ್ರಾಕ್ ಎಂಬ ಒಂದು ಕಸುಬೇ ಹುಟ್ಟಿತು. ವರಕ್‌ನ ಕೆಲಸ ಮಾಡುವವನು ವರ್ರಾಕ್. ಆ ವಿದ್ಯೆ ಉತ್ತರ ಆಫ್ರಿಕಾ ದಾಟಿ ಸ್ಪೇನಿಗೆ ಹೋಯಿತು. 12ನೆಯ ಶತಮಾನದ ಭೂಗೋಳಜ್ಞ ಅಲ್ ಇದ್ರೀಸಿ ಸ್ಪೇನಿನ ಶಾತಿಬಾ ಊರಿನ ಕಾಗದವನ್ನು ಹೊಗಳಿ ಬರೆದಿದ್ದಾನೆ.

ಕಾಗದದ ಜತೆಗೆ ಅದನ್ನು ಕಟ್ಟುವ ಮಾತೂ ಪ್ರಯಾಣ ಮಾಡಿತು. ಅರಬ್ಬಿಯ ರಿಜ್ಮಾ ಸ್ಪ್ಯಾನಿಷಿನಲ್ಲಿ ರೆಸ್ಮಾ ಆಯಿತು. ಇಟಾಲಿಯನ್ನಿನಲ್ಲಿ ರಿಸ್ಮಾ, ಫ್ರೆಂಚಿನಲ್ಲಿ ರಾಮ್, ಜರ್ಮನ್ನಿನಲ್ಲಿ ರೀಸ್, ಇಂಗ್ಲಿಷಿನಲ್ಲಿ ರೀಮ್. ಇಂಗ್ಲಿಷರು ಯಂತ್ರದ ಕಾಗದವನ್ನು ಹಡಗಿನಲ್ಲಿ ಹೇರಿ ಮುಂಬಯಿಗೆ ತಂದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರವರೆಗೂ ನಮ್ಮ ತಾಲೂಕುಗಳ ಕಚೇರಿ, ಶಾಲೆ, ಪೇಟೆ ಎಲ್ಲದರ ಮುಖ ಮುಂಬಯಿಯ ಕಡೆಗೇ ಇತ್ತು. ಹಾಗಾಗಿ ಮರಾಠಿಯ ದಸ್ತಾ ಮತ್ತು ಇಂಗ್ಲಿಷಿನ ರೀಮು ಎರಡೂ ಒಂದೇ ಗಾಡಿಯಲ್ಲಿ ಘಟ್ಟಕ್ಕೆ ಬಂದವು ಎಂದರೆ ತಪ್ಪಾಗಲಾರದು.

ಬೈಂಡಿಂಗ್ ಅಂಗಡಿಯಲ್ಲಿ ಕುಳಿತು ಹಾಳೆ ಎಣಿಸುವ ಸಾಬರಿಗೆ ರೀಮು ಎಂಬುದು ಇಂಗ್ಲಿಷ್ ಪದ. ದೊರೆಗಳ ಕಾಲದ್ದು, ಕಂಪೆನಿಯದ್ದು. ತಾನು ನಮಾಜಿನಲ್ಲಿ ಓದುವ ಭಾಷೆಯಿಂದಲೇ ಹೊರಟ ಮಾತೊಂದು ಅರ್ಧ ಜಗತ್ತು ಸುತ್ತಿ, ವೇಷ ಬದಲಿಸಿ, ತನ್ನ ಮಣೆಯ ಮೇಲೆ ಬಂದು ಕುಳಿತಿದೆ ಎಂದು ಅವರಿಗೆ ಯಾರು ಹೇಳಬೇಕು? ಮಾತಿಗೂ ಪಾಸ್‌ಪೋರ್ಟ್ ಇದ್ದಿದ್ದರೆ ರೀಮಿನ ಪಾಸ್‌ಪೋರ್ಟಿನಲ್ಲಿ ಮೊಹರು ಹಾಕಲು ಜಾಗವೇ ಉಳಿಯುತ್ತಿರಲಿಲ್ಲ.

ರೀಮಿನ ಲೆಕ್ಕವೂ ಒಂದೇ ಕಡೆ ನಿಂತಿಲ್ಲ. ಹಳೆಯದು 480. ಅಚ್ಚಿನಲ್ಲಿ ಕೆಲವು ಹಾಳೆ ಕೆಡುತ್ತವೆ ಎಂದು ಇಂಗ್ಲೆಂಡಿನ ಮುದ್ರಕರು 516 ಹಾಳೆಯ ರೀಮು ಕಟ್ಟಿಸಿಕೊಳ್ಳುತ್ತಿದ್ದರು. ಈಗ ಎಲ್ಲೆಡೆ 500. ದಶಮಾನ ಪದ್ಧತಿಯ ಕಣ್ಣಿಗೆ 500 ಅಂದವಾಗಿ ಕಾಣುತ್ತದೆ. ಆದರೆ 24ರ ದಸ್ತಿಗೆ ಅದು ಹೊಂದುವುದಿಲ್ಲ. 500 ಬಂದ ಮೇಲೆ ದಸ್ತು ರೀಮಿನ ಮನೆಯಿಂದ ಹೊರಗಾಯಿತು.

ಮಡಿಕೆ, ಹೊಲಿಗೆ, ಮೈಲುತುತ್ತ

ಎಣಿಸಿ ಆದ ಮೇಲೆ ಮಡಿಸುವುದು. ಪುಟ ಎಂಬ ಸಂಸ್ಕೃತ ಪದದ ಮೂಲ ಅರ್ಥವೇ ಮಡಿಕೆ. ಅಚ್ಚಿನವರ ಭಾಷೆಯಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ಅಚ್ಚಾಗುವ ಪುಟಗಳ ಗುಂಪು ಒಂದು ಫಾರಂ. ಡೆಮ್ಮಿ ಹಾಳೆಯನ್ನು ಮೂರು ಸಲ ಮಡಿಸಿದರೆ 8 ಎಲೆ, 16 ಪುಟ. ನಮ್ಮ ಕಥಾಸಂಕಲನಗಳೆಲ್ಲ ಬರುವುದು ಈ ಡೆಮ್ಮಿ ಅಷ್ಟಮ ಆಕಾರದಲ್ಲಿ. 160 ಪುಟದ ಪುಸ್ತಕಕ್ಕೆ 10 ಫಾರಂ. ಸಾವಿರ ಪ್ರತಿಗೆ ಹತ್ತು ಸಾವಿರ ಹಾಳೆ, ಅಂದರೆ 20 ರೀಮು. ಲೇಖಕನು ಕಥೆಗಳನ್ನು ಎಣಿಸುತ್ತಾನೆ, ಪ್ರಕಾಶಕನು ಫಾರಂಗಳನ್ನು ಎಣಿಸುತ್ತಾನೆ. ಹನ್ನೊಂದನೆಯ ಫಾರಂಗೆ ಎರಡೇ ಪುಟ ಚಾಚಿದರೆ ಆ ಎರಡು ಪುಟ ಕಥೆಯಿಂದ ಬಿದ್ದುಹೋಗಬೇಕು ಎಂಬುದನ್ನು ನಮ್ಮಂಥವರು ಬೇಗ ಕಲಿಯುತ್ತೇವೆ.

ಈ ಮಡಿಕೆಗೆ ಉರ್ದುವಿನಲ್ಲಿ ಜುಜ್ ಎನ್ನುತ್ತಾರೆ. ಅರಬ್ಬಿಯಲ್ಲಿ ಜುಜ್ ಎಂದರೆ ಭಾಗ. ಕುರ್‌ಆನಿನ 30 ಭಾಗಗಳಿಗೂ ಜುಜ್ ಎಂದೇ ಹೆಸರು. ಮೂವತ್ತು ಭಾಗ ಎಂಬ ಪಾರಸಿಯ ಸೀಪಾರಾ ನಮ್ಮ ಮನೆಗಳಲ್ಲಿ ಒಂದೊಂದು ಭಾಗದ ಹೆಸರಾಗಿಯೇ ಬಳಕೆಯಲ್ಲಿದೆ. ಒಂದೊಂದು ಮಡಿಕೆಯನ್ನೂ ಬೆನ್ನಿನಲ್ಲಿ ದಾರ ಹಾಯಿಸಿ, ಪಕ್ಕದ ಮಡಿಕೆಗೆ ಗಂಟು ಹಾಕುತ್ತ ಹೊಲಿಯುವುದು ಜುಜ್‌ಬಂದಿ. ಹೀಗೆ ಹೊಲಿದ ಪುಸ್ತಕವನ್ನು ಪೂರ್ತಿ ಅಗಲಕ್ಕೆ ಬಿಚ್ಚಿ ರೆಹಲಿನ ಮೇಲೆ ಇಡಬಹುದು, ಎಲೆ ಕಳಚುವುದಿಲ್ಲ. ಪಕ್ಕದಿಂದ ತೂತು ಹೊಡೆದು ದಾರ ಎಳೆದ ಪುಸ್ತಕ ಅಷ್ಟು ಬಿಚ್ಚಿಕೊಳ್ಳುವುದಿಲ್ಲ. ಬರೀ ಅಂಟು ಹಚ್ಚಿದ್ದು ನಮ್ಮ ಮಳೆಗಾಲವನ್ನು ಎಷ್ಟು ಸಲ ತಾಳೀತು?

ಮಡಿಕೆಗಳ ಕ್ರಮ ತಪ್ಪದಂತೆ ಹಸ್ತಪ್ರತಿಯ ಕಾಲದಲ್ಲಿ ಒಂದು ಉಪಾಯವಿತ್ತು. ಪುಟದ ಕೆಳಗೆ ಮೂಲೆಯಲ್ಲಿ ಮುಂದಿನ ಪುಟದ ಮೊದಲ ಪದವನ್ನು ಬರೆಯುತ್ತಿದ್ದರು. ಅದಕ್ಕೆ ಉರ್ದುವಿನಲ್ಲಿ ರಿಕಾಬ್ ಎನ್ನುತ್ತಾರೆ. ರಿಕಾಬ್ ಎಂದರೆ ಕುದುರೆ ಏರಲು ಕಾಲಿಡುವ ಬಳೆ. ಒಂದು ಪುಟದಿಂದ ಮುಂದಿನ ಪುಟಕ್ಕೆ ಏರಲು ಅದೇ ಮೆಟ್ಟಿಲು.

ಹೊಲಿದ ಮೇಲೆ ಅಂಟು. ಮೈದಾ ಹಿಟ್ಟನ್ನು ಕಾಯಿಸಿ ಮಾಡಿದ ಅಂಟಿಗೆ ಬೈಂಡರು ಚಿಟಿಕೆ ಮೈಲುತುತ್ತ ಹಾಕುತ್ತಾರೆ. ಇಲ್ಲವಾದರೆ ಹುಳಕ್ಕೆ, ಜಿರಳೆಗೆ ಅದೇ ಹಬ್ಬದೂಟ. ಮೈಲುತುತ್ತದ ಪರಿಚಯ ಅಡಿಕೆಯವರಿಗೆ ಬೇರೆ ಕಡೆಯಿಂದ ಇದೆ. ಮಳೆಗಾಲದಲ್ಲಿ ಕೊಳೆರೋಗ ಬಾರದಂತೆ ಕೊನೆಗಳಿಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಸುಣ್ಣದ ಜತೆ ಸೇರುವುದು ಅದೇ. ತೋಟವನ್ನೂ ಪುಸ್ತಕವನ್ನೂ ಒಂದೇ ನೀಲಿ ಹರಳು ಕಾಯುತ್ತಿದೆ.

ಈ ಹರಳಿನ ಹೆಸರು ಇನ್ನೊಂದು ಲೆಕ್ಕವನ್ನು ಸರಿದೂಗಿಸುತ್ತದೆ. ಸಂಸ್ಕೃತದ ತುತ್ಥ ಪಾರಸಿ, ಅರಬ್ಬಿಗಳಿಗೆ ಹೋಗಿ ತೂತಿಯಾ ಆಯಿತು, ಅಲ್ಲಿಂದ ಫ್ರೆಂಚ್, ಇಂಗ್ಲಿಷಿಗೂ ದಾಟಿತು ಎಂದು ನಿಘಂಟುಗಳು ಹೇಳುತ್ತವೆ. ರಿಜ್ಮಾ ಅಲ್ಲಿಂದ ಇಲ್ಲಿಗೆ ಬಂತು, ತುತ್ಥ ಇಲ್ಲಿಂದ ಅಲ್ಲಿಗೆ ಹೋಯಿತು. ಪದಗಳ ಪೇಟೆಯಲ್ಲಿ ಕೊಟ್ಟದ್ದೂ ಇದೆ, ಕೊಂಡದ್ದೂ ಇದೆ. ಬಾಕಿ ವಸೂಲಿಗೆ ಯಾರೂ ಬಂದಿಲ್ಲ.

ಕೊನೆಗೆ ರಟ್ಟು, ಅದರ ಮೇಲೆ ಬಟ್ಟೆ ಅಥವಾ ಚರ್ಮ. ಉರ್ದುವಿನಲ್ಲಿ ಪುಸ್ತಕದ ಈ ಹೊದಿಕೆ ಜಿಲ್ದ್. ಅರಬ್ಬಿಯಲ್ಲಿ ಜಿಲ್ದ್ ಎಂದರೆ ಚರ್ಮ. ಕಚೇರಿಯ ದಫ್ತರ ಅರಬ್ಬಿ, ಪಾರಸಿಗೆ ಬಂದದ್ದು ಗ್ರೀಕಿನಿಂದ, ಅಲ್ಲಿ ದಿಫ್ತೇರಾ ಎಂದರೂ ಚರ್ಮವೇ. ಇನ್ನು ಪುಸ್ತಕ ಎಂಬ ಮಾತು. ಹಳೆಯ ಇರಾನಿ ಭಾಷೆಗಳ ಪೋಸ್ತ್ ಎಂಬ ಪದದಿಂದ ಸಂಸ್ಕೃತಕ್ಕೆ ಇದು ಬಂದಿರಬೇಕು ಎಂದು ಹಲವು ಭಾಷಾ ವಿದ್ವಾಂಸರು ಭಾವಿಸುತ್ತಾರೆ. ಪೋಸ್ತ್ ಎಂದರೂ ಚರ್ಮ. ಜಿಲ್ದ್, ದಫ್ತರ, ಪುಸ್ತಕ ಮೂರರ ಮೈಯೂ ಒಂದೇ ಚರ್ಮದ್ದು. ಇದರಲ್ಲಿ ಯಾವುದು ನಮ್ಮದು, ಯಾವುದು ಅವರದು ಎಂದು ಬಿಡಿಸಲು ಹೊರಟರೆ ಕೈಯಲ್ಲಿ ಉಳಿಯುವುದು ಹರಿದ ಪುಸ್ತಕ ಮಾತ್ರ.

ಶಿರಸ್ತೆಯ ದಾರ

ತಾಲೂಕು ಕಚೇರಿಗೆ ಹೋದವರಿಗೆ ಶಿರಸ್ತೆದಾರರು ಗೊತ್ತು. ಪಾರಸಿಯಲ್ಲಿ ಸರ್ ಎಂದರೆ ತಲೆ, ರಿಶ್ತಾ ಎಂದರೆ ದಾರ. ಸರ್‌ರಿಶ್ತಾ ಎಂದರೆ ದಾರದ ತುದಿ. ಕಾಗದಗಳನ್ನು ಪೋಣಿಸಿದ ದಾರದ ತುದಿ ಯಾರ ಕೈಯಲ್ಲಿದೆಯೋ ಅವನು ದಾಖಲೆಯ ಒಡೆಯ. ಬ್ರಿಟಿಷರ ಕಚೇರಿಗಳಲ್ಲಿ ದಫ್ತರಿ ಎಂಬ ನೌಕರನಿದ್ದ. ಕಾಗದಕ್ಕೆ ಗೆರೆ ಎಳೆಯುವುದು, ಲೇಖನಿ ಚೂಪು ಮಾಡುವುದು, ಲಕೋಟೆ ಅಂಟಿಸುವುದು, ದಾಖಲೆಗಳ ಧೂಳು ಕೊಡವಿ ಹೊಲಿದು ಕಟ್ಟುವುದು ಅವನ ಕೆಲಸ. ಕಲಕತ್ತೆಯಲ್ಲಿ ಪುಸ್ತಕ ಕಟ್ಟುವವರಿಗೇ ದಫ್ತರಿ ಎಂದು ಹೆಸರಾಯಿತು, ಅವರಲ್ಲಿ ಹೆಚ್ಚಿನವರು ಮುಸ್ಲಿಮರು. ಹೆಸರಿನಲ್ಲಿ ದೊರೆತನವಿಲ್ಲ, ಸಂಬಳವೂ ಇರಲಿಲ್ಲ. ಆದರೆ ಅವನ ದಾರ ಸಡಿಲವಾದರೆ ದೊರೆಯ ಹುಕುಮೂ ಕಳಚಿ ಬೀಳುತ್ತಿತ್ತು.

ಪೇಟೆಯದ್ದೂ ಇದೇ ಕಥೆ. ಅಡಿಕೆಯ ವ್ಯಾಪಾರ ನಿಂತದ್ದು ಖಾತೆ ಪುಸ್ತಕಗಳ ಮೇಲೆ. 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿದ ಮೇಲೆ ಬೆಳೆಗಾರನ ಒಂದೊಂದು ಚೀಲದ ಅಡಿಕೆಗೂ ಒಂದೊಂದು ಸಾಲು ಬರಹ ಬೇಕಾಯಿತು. ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡುವ ವಾಡಿಕೆ ವ್ಯಾಪಾರಿಗಳಲ್ಲಿದೆ. ಅದಕ್ಕೂ ಮೊದಲಿನ ವಾರಗಳಲ್ಲಿ ಬೈಂಡಿಂಗ್ ಅಂಗಡಿಯವರಿಗೆ ನಿದ್ದೆ ಇರುತ್ತಿರಲಿಲ್ಲ. ಪೂಜೆಯ ಪುಸ್ತಕವನ್ನು ಹೊಲಿದ ಕೈ ಯಾವ ಕಡೆಗೆ ಮುಖಮಾಡಿ ಪ್ರಾರ್ಥಿಸುತ್ತದೆ ಎಂದು ಗಿರಾಕಿ ಕೇಳಿದ್ದನ್ನು ನಾವು ಕಂಡಿಲ್ಲ. ಅವನು ನೋಡುತ್ತಿದ್ದದ್ದು ಹೊಲಿಗೆ ಬಿಗಿಯಾಗಿದೆಯೇ, ಹಾಳೆ ಎಣಿಕೆಗೆ ಸರಿಯಾಗಿದೆಯೇ ಎಂದು.

ಆ ದಾರದ ಬೆಲೆ ಈಗ ಬೇರೊಂದು ರೀತಿಯಲ್ಲಿ ತಿಳಿಯುತ್ತಿದೆ. 2006ರ ಅರಣ್ಯ ಹಕ್ಕು ಕಾಯ್ದೆಯಂತೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದೆ ಮೂರು ತಲೆಮಾರಿನಿಂದ ಅಲ್ಲಿದ್ದೇವೆಂದು ತೋರಿಸಬೇಕು. ತಲೆಮಾರಿಗೆ 25 ವರ್ಷದಂತೆ 75 ವರ್ಷ. ನಮ್ಮ ಮೂರು ತಾಲೂಕುಗಳಲ್ಲಿ ಕಾಡಿನಂಚಿನ ಬಡವರಿಗೆ ಇದು ಬದುಕಿನ ಪ್ರಶ್ನೆ. ಜಾತಿ ಧರ್ಮದ ಭೇದವಿಲ್ಲದೆ ಎಲ್ಲರೂ ಅದರಲ್ಲಿದ್ದಾರೆ. ಊರ ಹಿರಿಯರ ಹೇಳಿಕೆಗೂ ಕಾಯ್ದೆಯಲ್ಲಿ ಜಾಗವಿದೆ. ಆದರೆ ಕಚೇರಿಯ ಮೇಜಿಗೆ ಹೋದಾಗ ಮೊದಲು ಕೇಳುವುದು ಕಾಗದವನ್ನೇ. ಅಜ್ಜ ದಂಡ ಕಟ್ಟಿದ ರಸೀದಿ, ಶಾಲೆಯ ದಾಖಲಾತಿ ಪುಸ್ತಕ, ಹಳೆಯ ಅಳತೆಯ ನಕ್ಷೆ. ಎಂಬತ್ತು ವರ್ಷದ ಹಿಂದೆ ಯಾವನೋ ದಫ್ತರಿ ಒಂದು ರಿಜಿಸ್ಟರನ್ನು ಗಟ್ಟಿಯಾಗಿ ಹೊಲಿದಿದ್ದರೆ ಇಂದು ಒಂದು ಮನೆಗೆ ಆಧಾರ ಸಿಗುತ್ತದೆ. ಹೊಲಿಗೆ ಬಿಚ್ಚಿ ಆ ಎಲೆ ರದ್ದಿಗೆ ಹೋಗಿದ್ದರೆ ಆ ಮನೆ ಮಳೆಯಲ್ಲಿ ನಿಂತಂತೆ. ರದ್ದಿಯೂ ಅರಬ್ಬಿಯ ರದ್ದ್‌ನಿಂದ ಬಂದದ್ದು. ತಿರಸ್ಕರಿಸಿದ್ದು ಎಂದರ್ಥ.

ಟನ್ನಿನ ಲೆಕ್ಕ

ಕಾಗದದ ಎಣಿಕೆಯ ಬಗ್ಗೆ ಬರೆಯುವಾಗ ಯಲ್ಲಾಪುರದ ಕಾಡನ್ನು ಮರೆಯಲಾಗದು. 1955ರಲ್ಲಿ ಕಾಳಿ ನದಿಯ ದಡದ ದಾಂಡೇಲಿಗಾಗಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. ಉತ್ತರ ಕನ್ನಡದ ಬಿದಿರನ್ನು ನಂಬಿಯೇ ಆ ಕಾರ್ಖಾನೆ ಬಂದದ್ದು. ಅಲ್ಲಿಯವರೆಗೆ ಬಿದಿರು ನಮ್ಮವರ ಲೆಕ್ಕದಲ್ಲಿ ಗಳ, ಹಿಂಡು, ಹೊರೆ ಎಂದಿತ್ತು. ಮೇದಾರನು ಬುಟ್ಟಿಗೆ ಎಷ್ಟು ಗಳ ಎಂದು ಎಣಿಸುತ್ತಿದ್ದ. ಕಾರ್ಖಾನೆ ಬಂದ ಮೇಲೆ ಲೆಕ್ಕ ಟನ್ನಿಗೆ ಏರಿತು. ಸರಕಾರ ಕಾರ್ಖಾನೆಗೆ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಟ್ಟಿತ್ತು ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಬುಟ್ಟಿ ಹೆಣೆಯುವವನು ಪೇಟೆಯಲ್ಲಿ ತೆರುತ್ತಿದ್ದ ಬೆಲೆಗೂ ಇದಕ್ಕೂ ತಾಳೆಯೇ ಇರಲಿಲ್ಲ. 1970ರ ದಶಕದಲ್ಲಿ ಅವರು ಈ ಜಿಲ್ಲೆಯ ಬಿದಿರನ್ನು ಅಭ್ಯಸಿಸಿದಾಗ ಹಿಂಡುಗಳು ಬೋಳಾಗುತ್ತಿದ್ದವು. ಬಿದಿರಿನ ಬುಡದ ಮುಳ್ಳನ್ನು ಸವರಿ ತೆಗೆದದ್ದರಿಂದ ಎಳೆ ಕಳಲೆಗೆ ರಕ್ಷಣೆಯಿಲ್ಲದೆ ದನ, ಕಾಡುಪ್ರಾಣಿಗಳು ತಿಂದುಹಾಕುತ್ತಿದ್ದವು ಎಂಬುದನ್ನು ಅವರಿಗೆ ಹಳ್ಳಿಯವರೇ ತೋರಿಸಿಕೊಟ್ಟರು.

ಹಿಡಿಯಲ್ಲಿ ಎಣಿಸುವವನಿಗೆ ತಾನು ಎಷ್ಟು ಎತ್ತಿದೆ ಎಂದು ಕೈಗೆ ತಿಳಿಯುತ್ತದೆ. ಟನ್ನಿನಲ್ಲಿ ಎಣಿಸುವವನಿಗೆ ಕಾಗದದ ಮೇಲಿನ ಅಂಕಿ ಮಾತ್ರ ಕಾಣುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕಡಿತ ತಡೆದರು. ಅಪ್ಪಿಕೋ ಎಂಬ ಆ ಚಳವಳಿಯೂ ಕೈಯದ್ದೇ ಕೆಲಸ.

ಎಣಿಸುವ ಕೈ

ಈಗ ಏನು ಉಳಿದಿದೆ? ಏ4 ಹಾಳೆಯ ಕಟ್ಟು ಬಂದಿದೆ, ಒಳಗೆ 500 ಎಂದು ಮೇಲೆಯೇ ಅಚ್ಚಾಗಿದೆ, ಯಾರೂ ಎಣಿಸುವುದಿಲ್ಲ. ರೀಮು ಎಂಬ ಮಾತು ಆ ಕಟ್ಟಿನ ಜತೆ ಬದುಕಿಕೊಂಡಿದೆ. ದಸ್ತು, ಜುಜ್, ರಿಕಾಬ್ ಕೆಲವರ ಬಾಯಲ್ಲಿ ಮಾತ್ರ ಇವೆ. ಪಹಣಿ ಕಂಪ್ಯೂಟರಿನಲ್ಲಿ ಸಿಗುತ್ತದೆ, ಸಂಘದ ಲೆಕ್ಕವೂ ಅಲ್ಲೇ. ಅದು ಒಳ್ಳೆಯದೇ, ಜನರ ಅಲೆದಾಟ ಕಡಿಮೆಯಾಗಿದೆ. ಹಳೆಯದೆಲ್ಲ ಚಿನ್ನ ಎಂದು ನಾವು ಹೇಳಲು ಹೊರಟಿಲ್ಲ. ಹೊಗೆಹಿಡಿದ ಅಂಗಡಿಯಲ್ಲಿ ಬೆನ್ನು ಬಾಗಿಸಿ ಹೊಲಿದವರ ಮಕ್ಕಳು ಆ ಕಸುಬನ್ನು ಬಿಟ್ಟರೆ ಅದಕ್ಕೆ ಕಾರಣವಿದೆ.

ಆದರೆ ಕಸುಬಿನ ಜತೆ ಅದರ ಮಾತುಗಳೂ ರದ್ದಿಗೆ ಹೋಗಬೇಕೆಂದಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂದ ಕಿಟ್ಟೆಲರ ನಿಘಂಟು ಹಿಂದುಸ್ತಾನಿ, ಮರಾಠಿಯಿಂದ ಬಂದ ಪದಗಳಿಗೆ ಬಂದ ಊರಿನ ಗುರುತು ಹಾಕಿತು. ಗುರುತು ಹಾಕಿ ಹೊರಗೆ ಕಳಿಸಲಿಲ್ಲ, ಕನ್ನಡದ ಮನೆಯೊಳಗೇ ಕೂರಿಸಿತು. ಜರ್ಮನಿಯಿಂದ ಬಂದ ಪಾದ್ರಿಗೆ ತಿಳಿದ ಈ ನ್ಯಾಯ ನಮಗೂ ತಿಳಿದಿರಬೇಕು. ಆಗಾಗ ಕನ್ನಡವನ್ನು ಶುದ್ಧ ಮಾಡುವ ಉತ್ಸಾಹ ಏಳುತ್ತದೆ. ಪಾರಸಿ, ಅರಬ್ಬಿ ಪದಗಳನ್ನು ಆರಿಸಿ ತೆಗೆಯಬೇಕೆಂಬ ಮಾತು ಬರುತ್ತದೆ. ತೆಗೆಯುವವರು ಮೊದಲು ದಸ್ಕತ್ತು ಹಾಕಬೇಕು, ಕಾಗದ ತರಬೇಕು, ದಫ್ತರದಲ್ಲಿ ಅದನ್ನು ದಾಖಲು ಮಾಡಬೇಕು. ಇತ್ತ ನಮ್ಮವರಲ್ಲಿಯೂ ಕನ್ನಡ ನಮ್ಮ ಮನೆಯ ಹೊರಗಿನ ಭಾಷೆ ಎಂದುಕೊಂಡವರಿದ್ದಾರೆ. ಅವರು ಎಣಿಸುವುದು ದಸ್ತಿನಲ್ಲಿಯಾದರೂ ಎಣಿಸುವ ವಸ್ತು ಹಾಳೆಯೇ ಎಂಬುದನ್ನು ನೆನಪಿಸಬೇಕಾಗಿದೆ.

ಮಾಡಬಹುದಾದ ಕೆಲಸವೊಂದಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇನ್ನೂ ಕೈಯಿಂದ ಹೊಲಿಯಬಲ್ಲ ಹಿರಿಯರು ಕೆಲವರಿದ್ದಾರೆ. ಉಪಕರಣದ ಹೆಸರು, ಗಂಟಿನ ಹೆಸರು, ಮಡಿಕೆಯ ಹೆಸರು ಅವರಿಗೆ ಬಾಯಿಪಾಠ. ಕಾಲೇಜಿನ ಕನ್ನಡ ವಿದ್ಯಾರ್ಥಿಗಳೂ ಉರ್ದು ಶಾಲೆಯ ಮಕ್ಕಳೂ ಒಟ್ಟಿಗೆ ಹೋಗಿ ಅದನ್ನು ಬರೆದುಕೊಂಡರೆ ಒಂದು ಸಣ್ಣ ಪದಕೋಶವಾಗುತ್ತದೆ. ಎರಡು ಲಿಪಿಯಲ್ಲಿ ಬರೆಯಲಿ. ಅದಕ್ಕೆ ಹೆಚ್ಚು ಕಾಗದ ಬೇಡ, ಒಂದು ದಸ್ತು ಸಾಕು. ಬರೆದ ಮೇಲೆ ಆ ಹಿರಿಯರ ಕೈಯಿಂದಲೇ ಹೊಲಿಸಲಿ.